ಭಿನ್ನರಾಶಿ ಬಂದ ಕೂಡಲೇ ಸಮೀಕರಣ ಕೈಕೊಡುತ್ತಿದೆ, ಎಲ್ಲಿ ಹುಡುಕಬೇಕು?

ಗೋಣಿಕೊಪ್ಪ_ಮನೆಪಾಠ
ಎಂಟನೇ ತರಗತಿಯವರಿಗೆ ಒಂದು ಚರಾಕ್ಷರದ ರೇಖಾತ್ಮಕ ಸಮೀಕರಣ ನಡೀತಿದೆ. 2ಯ + 5 = 17 ಥರದ್ದೆಲ್ಲ ಸಲೀಸು. ಮುಗ್ಗರಿಸೋದು ಈ ಎರಡರಲ್ಲಿ.

ಒಂದು: ಯ/2 − (ಯ − 3)/5 = 3. ಉತ್ತರ 12, 11, −1 ಅಂತ ಮೂರು ಬಗೆಯಲ್ಲಿ ಬರ್ತಿದೆ.

ಎರಡು: ರೋಬಸ್ಟಾ ಕಾಫಿ ಕೊಯ್ಲಿನಲ್ಲಿ 60 ಕೆಜಿವರೆಗೆ ದಿನಗೂಲಿ 450 ರೂ., ಅದಕ್ಕಿಂತ ಹೆಚ್ಚಾದ ಪ್ರತಿ ಕೆಜಿಗೆ 5 ರೂ. ಒಬ್ಬರಿಗೆ 615 ರೂ. ಸಿಕ್ಕಿದರೆ ಕೊಯ್ದ ಹಣ್ಣೆಷ್ಟು? (ಅಂಕಿಗಳು ಲೆಕ್ಕಕ್ಕೆ ಕಟ್ಟಿದ್ದು, ಯಾವ ತೋಟದ ರೇಟೂ ಅಲ್ಲ.) ಇದರಲ್ಲಿ ಹೆಚ್ಚಿನವರ ಉತ್ತರ 45.

ಲಸಾಅ
ಮೊದಲನೆಯದರ ಸರಿ ಉತ್ತರ 8. ಛೇದ 2 ಮತ್ತು 5, ಲ.ಸಾ.ಅ. (ಎರಡರಿಂದಲೂ ಭಾಗವಾಗುವ ಅತಿ ಚಿಕ್ಕ ಸಂಖ್ಯೆ) 10. ಎಲ್ಲ ಪದಗಳನ್ನೂ 10ರಿಂದ ಗುಣಿಸಿ:

5ಯ − 2(ಯ − 3) = 30
5ಯ − 2ಯ + 6 = 30
3ಯ = 24, ಯ = 8

ತಾಳೆ: 8/2 − 5/5 = 4 − 1 = 3.

ಆ ಮೂರು ತಪ್ಪು ಉತ್ತರಗಳನ್ನು ಸುಮ್ಮನೆ ಹೊಡೆದುಹಾಕಬೇಡಿ, ಮೂಲ ಸಮೀಕರಣಕ್ಕೇ ಹಾಕಿಸಿ. ಯ = −1 ಹಾಕಿದರೆ ಎಡಬದಿ 0.3 ಆಗುತ್ತೆ. ಬರಬೇಕಿದ್ದ 3ರ ಸರಿಯಾಗಿ ಹತ್ತನೇ ಒಂದು ಭಾಗ. ಅಂದರೆ ಬಲಬದಿಯ 3ನ್ನು 10ರಿಂದ ಗುಣಿಸೋದು ಬಿಟ್ಟುಹೋಗಿದೆ. ಯ = 12 ಹಾಕಿದರೆ 4.2. ಹೆಚ್ಚಾದ 1.2ನ್ನು 10ರಿಂದ ಗುಣಿಸಿದರೆ 12, ಅದು 6ರ ಎರಡರಷ್ಟು: +6 ಇರಬೇಕಾದ ಕಡೆ −6 ಬರೆದಿದ್ದಾರೆ. 11ರ ಮಗು 2ನ್ನು ಯ-ಗೆ ಮಾತ್ರ ಗುಣಿಸಿ −3ನ್ನು ಹಾಗೇ ಇಳಿಸಿದೆ.

ಭಿನ್ನರಾಶಿಯ ಗೆರೆಯೇ ಆವರಣದ ಕೆಲಸ ಮಾಡುತ್ತೆ. ಗೆರೆ ತೆಗೆದ ಸಾಲಿನಲ್ಲಿ ಆವರಣ ಬರೆಯಲೇಬೇಕು, ಅದನ್ನು ಮುಂದಿನ ಸಾಲಿನಲ್ಲಿ ಬಿಡಿಸಲಿ. ಎರಡನ್ನೂ ಒಂದೇ ಸಾಲಿನಲ್ಲಿ ಮಾಡೋಕೆ ಹೋದಾಗಲೇ ಚಿಹ್ನೆ ಜಾರೋದು.

ರೈಟರ್_ಪುಸ್ತಕ
ಕಾಫಿ ಲೆಕ್ಕದ 45 ಹುಟ್ಟಿದ್ದು 450 + 5ಯ − 60 = 615 ಅಂತ ಬರೆದದ್ದರಿಂದ. ಕೂಲಿಯಿಂದ 60 ಕಳೆದರು! ರೂಪಾಯಿಯಿಂದ ಕೆಜಿ ಕಳೆಯೋಕೆ ಬರಲ್ಲ. ಪ್ರತಿ ಪದದ ಕೆಳಗೆ ರೂ. ಅಥವಾ ಕೆಜಿ ಅಂತ ಬರೆಸಿ, ತಪ್ಪು ಅಲ್ಲೇ ಕಾಣುತ್ತೆ. ಅಲ್ಲದೆ 45 ಕೆಜಿ ಕೊಯ್ದವರಿಗೆ ಹೆಚ್ಚುವರಿ ದುಡ್ಡು ಎಲ್ಲಿಂದ?

450 + 5(ಯ − 60) = 615
5(ಯ − 60) = 165
ಯ − 60 = 33
ಯ = 93

ಇಲ್ಲಿ ಆವರಣ ಬಿಡಿಸದೆ ಇರೋದೇ ಲೇಸು. 165 ಅಂದರೆ ಹೆಚ್ಚುವರಿ ದುಡ್ಡು, 33 ಅಂದರೆ ಹೆಚ್ಚುವರಿ ಹಣ್ಣು, ಪ್ರತಿ ಸಾಲಿಗೂ ಅರ್ಥವಿದೆ. ಬಿಡಿಸಿದರೆ 5ಯ + 150 = 615 ಆಗುತ್ತೆ. ಉತ್ತರವೇನೋ ಅದೇ, ಆದರೆ ಆ 150 ಯಾವುದರ ದುಡ್ಡು ಅಂತ ಯಾರೂ ಹೇಳೋಕಾಗಲ್ಲ. ಇನ್ನು ಕೆಲವರು 450 + 5 ಮೊದಲೇ ಕೂಡಿಸಿ 455(ಯ − 60) ಮಾಡ್ತಾರೆ. ಗುಣಾಕಾರ ಮೊದಲು ಅನ್ನೋದನ್ನು ನೆನಪಿಸಿ.

ಲಸಾಅ
ಒಂದು ಮಾತು ಸೇರಿಸ್ತೀನಿ. ‘ಆಚೆ ಹೋದರೆ ಚಿಹ್ನೆ ಬದಲು’ ಅಂತ ಮಾತ್ರ ಕಲಿಸಿದ್ದರೆ −3ಯ = 24 ಬಂದಾಗ ಕೆಲವರು ಯ = 24 + 3 ಬರೀತಾರೆ, ಕೆಲವರು 24/3. −3 ಇಲ್ಲಿ ಕೂಡಿಕೊಂಡಿಲ್ಲ, ಗುಣಿಸಿಕೊಂಡಿದೆ. ಎರಡೂ ಬದಿಯನ್ನು −3ರಿಂದ ಭಾಗಿಸಿದರೆ ಯ = −8. ಸ್ವಲ್ಪ ದಿನ ‘ಎರಡೂ ಬದಿಗೆ ಏನು ಮಾಡಿದೆ’ ಅಂತ ಅಂಚಿನಲ್ಲಿ ಬರೆಸಿ, ಪಕ್ಷಾಂತರ (ಪದವನ್ನು ಚಿಹ್ನೆ ಬದಲಿಸಿ ಆಚೆ ಒಯ್ಯೋದು) ಆಮೇಲೆ ಇರಲಿ.

ಗೋಣಿಕೊಪ್ಪ_ಮನೆಪಾಠ
ಎಲ್ಲರಿಗೂ ಥ್ಯಾಂಕ್ಸ್. ಇನ್ನೊಂದು: 2(ಯ − 4) = 2ಯ − 3. ಯ ಎರಡೂ ಕಡೆ ಹೊಡೆದುಹೋಗಿ −8 = −3 ಉಳಿಯಿತು. ಎಲ್ಲಿ ತಪ್ಪಿದೆ?

ರೈಟರ್_ಪುಸ್ತಕ
ಎಲ್ಲೂ ಇಲ್ಲ. ಯ ಎಷ್ಟೇ ಆದರೂ ಎಡಬದಿ ಬಲಬದಿಗಿಂತ 5 ಕಡಿಮೆಯೇ. ‘ಪರಿಹಾರವಿಲ್ಲ’ ಅಂತ ಬರೆಯಲಿ, ಯ = 0 ಅಂತಲ್ಲ. ಬಲಬದಿ 2ಯ − 8 ಆಗಿದ್ದರೆ ಯಾವ ಸಂಖ್ಯೆ ಹಾಕಿದರೂ ಸರಿಹೋಗುತ್ತಿತ್ತು.