ಅಪ್‌ಡೇಟ್: ಶಿಮ್ಲಾ ಹಿಮದಲ್ಲಿ ನಡೆದು ಬಂದೆವು

ಜನವರಿಯಲ್ಲಿ ಶಿಮ್ಲಾದ ಜಾಖೂ ಬೆಟ್ಟ ಹತ್ತೋದಕ್ಕೆ ಏನೇನು ಬೇಕು ಅಂತ ಕೇಳಿದ್ದೆನಲ್ಲ, ಹೋಗಿ ಬಂದೆವು. ಬೂಟಿಗೆ ಹಾಕುವ ಮುಳ್ಳಿನ ಪಟ್ಟಿ ತಗೊಳ್ಳಿ ಅಂದವರಿಗೆ ದೊಡ್ಡ ನಮಸ್ಕಾರ. ಹೊಸ ಹಿಮದಲ್ಲಿ ಕಾಲು ಹೂತು ನಿಲ್ಲುತ್ತದೆ, ಭಯ ಇಲ್ಲ. ಆದರೆ ಹಗಲು ಕರಗಿ ರಾತ್ರಿ ಮತ್ತೆ ಹೆಪ್ಪುಗಟ್ಟಿದ ಕಡೆ, ಅದರಲ್ಲೂ ದೇವದಾರು ಮರಗಳ ನೆರಳಲ್ಲಿ, ನೆಲ ಗಾಜಿನ ಹಾಗೆ ಇರುತ್ತದೆ, ಇಳಿಯುವಾಗಲಂತೂ ಜೀವ ಬಾಯಿಗೆ ಬರುತ್ತದೆ.

ಅಂಜನಾದ್ರಿಯ 575 ಮೆಟ್ಟಿಲು ಹತ್ತಿ ಅಭ್ಯಾಸ ಇರುವ ನಮ್ಮ ಕೊಪ್ಪಳದ ಕಾಲಿಗೆ ಏರು ಕಷ್ಟ ಆಗಲಿಲ್ಲ. ಚಳಿ ಮಾತ್ರ ಬೇರೆ ಲೆಕ್ಕ! ತೆಳು ಬಟ್ಟೆ ಒಂದರ ಮೇಲೊಂದು ಹಾಕಿ, ಬೆವರು ಬಂದರೆ ಒಂದು ತೆಗೆಯಿರಿ. ತುದಿಯಲ್ಲಿ 108 ಅಡಿ ಎತ್ತರದ ಹನುಮಪ್ಪ, ಸುತ್ತ ಅವನ ಕೋತಿ ಸೈನ್ಯ. ಕನ್ನಡಕ ಜೇಬಿನಲ್ಲಿರಲಿ, ಕಿತ್ಕೊಂಡು ಹೋಗ್ತವೆ.