1972ರ ಹೈಡಲ್‌ಬರ್ಗ್ ಚಿನ್ನದ ಬಗ್ಗೆ ಮಗಳಿಗೆ ಹೇಗೆ ಹೇಳಲಿ?

ಮೈಸೂರಿನ ಅಪ್ಪ:
ನನ್ನ ಮಗಳಿಗೆ ಹನ್ನೆರಡು ವರ್ಷ. ಸೊಂಟದ ಕೆಳಗೆ ಬಲವಿಲ್ಲ. ಎರಡು ವರ್ಷದಿಂದ ಈಜುತ್ತಿದ್ದಾಳೆ. ಮೊನ್ನೆ ಈಜುಕೊಳದಲ್ಲಿ ಒಬ್ಬರು, "ಪ್ಯಾರಾಲಿಂಪಿಕ್ಸ್‌ನಲ್ಲಿ ನಮ್ಮವರು ಗೆಲ್ಲೋಕೆ ಶುರು ಮಾಡಿದ್ದೇ 2004ರಲ್ಲಿ, ದೇವೇಂದ್ರ ಜಝಾರಿಯಾ ಅವರಿಂದ" ಅಂದರು. ನನಗೆ ಸುಮ್ನಿರಲು ಆಗಲಿಲ್ಲ. 1972ರಲ್ಲೇ ಮುರಳಿಕಾಂತ್ ಪೇಟ್ಕರ್ ಚಿನ್ನ ತಂದಿದ್ದರು, ಅದೂ ಈಜಿನಲ್ಲಿ ಅಂದೆ. ಆಗಿನಿಂದ ಮಗಳದ್ದು ಒಂದೇ ಪ್ರಶ್ನೆ: ಕಾಲು ಬಡಿಯದೆ ಅಷ್ಟು ಬೇಗ ಹೇಗೆ ಹೋದರು? ಅವರ ನಂತರ 2004ರವರೆಗೆ ಯಾರೂ ಇರಲಿಲ್ವಾ? ತಿಳಿದವರು ಹೇಳಿ.

ಮಾಜಿ ಸೈನಿಕ, ಹಾಸನ:
ಪೇಟ್ಕರ್ ಸಾಹೇಬರು ನಮ್ಮ ಇ.ಎಂ.ಇ.ಯವರೇ, ಅಂದರೆ ಸೇನೆಯ ಯಂತ್ರೋಪಕರಣ ನೋಡಿಕೊಳ್ಳುವ ದಳದವರು. ಸಾಂಗ್ಲಿ ಕಡೆಯವರು, ಸೇನೆಯಲ್ಲಿ ಬಾಕ್ಸರ್ ಆಗಿದ್ದರು. 1965ರ ಯುದ್ಧದಲ್ಲಿ ಗುಂಡು ಬಿದ್ದು ಕಾಲುಗಳ ಬಲ ಹೋಯಿತು. 1968ರಲ್ಲಿ ಭಾರತ ಮೊದಲ ಸಲ ಪ್ಯಾರಾಲಿಂಪಿಕ್ಸ್‌ಗೆ ಟೆಲ್ ಅವಿವ್‌ಗೆ ಹೋದಾಗ ಇವರು ಆಡಿದ್ದು ಟೇಬಲ್ ಟೆನಿಸ್. ಪದಕ ಬರಲಿಲ್ಲ. ನಾಲ್ಕು ವರ್ಷ ಬಿಟ್ಟು ಜರ್ಮನಿಯ ಹೈಡಲ್‌ಬರ್ಗ್‌ನಲ್ಲಿ 50 ಮೀಟರ್ ಫ್ರೀಸ್ಟೈಲ್, 37.33 ಸೆಕೆಂಡ್, ವಿಶ್ವ ದಾಖಲೆ. ಆ ಸಲ ನಮ್ಮ ಇಡೀ ತಂಡಕ್ಕೆ ಬಂದ ಪದಕ ಅದೊಂದೇ. ಪದ್ಮಶ್ರೀ ಕೊಟ್ಟಿದ್ದು ಮಾತ್ರ 2018ರಲ್ಲಿ. ನಲವತ್ತಾರು ವರ್ಷ ಕಾಯಿಸಿದರು. ನನಗೆ ಈಗಲೂ ಹೊಟ್ಟೆ ಉರಿಯುತ್ತದೆ.

ಓದುಗ, ಶಿವಮೊಗ್ಗ:
ಮಧ್ಯೆ ಇದ್ದರು ಸ್ವಾಮಿ. 1976, 1980ರಲ್ಲಿ ನಾವು ಹೋಗಲೇ ಇಲ್ಲ. 1984ರಲ್ಲಿ ನಾಲ್ಕು ಪದಕ. ಜೋಗಿಂದರ್ ಸಿಂಗ್ ಬೇಡಿ ಒಬ್ಬರೇ ಮೂರು ತಂದರು: ಶಾಟ್‌ಪುಟ್‌ನಲ್ಲಿ ಬೆಳ್ಳಿ, ಡಿಸ್ಕಸ್ ಮತ್ತು ಜಾವೆಲಿನ್‌ನಲ್ಲಿ ಕಂಚು. ಜಾವೆಲಿನ್‌ನಲ್ಲಿ ಬೆಳ್ಳಿ ಗೆದ್ದ ಭೀಮರಾವ್ ಕೇಸರ್ಕರ್ ಕೂಡ ನಮ್ಮವರೇ. 1988ರಲ್ಲಿ ದಕ್ಷಿಣ ಕೊರಿಯಾದ ಸೋಲ್‌ಗೆ ನಮ್ಮ ಬೆಂಗಳೂರಿನ ಮಾಲತಿ ಹೊಳ್ಳ ಹೋಗಿದ್ದರು. ಮಗಳಿಗೆ ಅವರ ಬಗ್ಗೆಯೂ ಹೇಳಿ.

ಈಜು ಕಲಿಸುವವಳು, ಮಂಗಳೂರು:
ಮಗಳ ಪ್ರಶ್ನೆಗೆ ನನ್ನ ಉತ್ತರ. ಕಾಲು ಬಡಿಯದಿದ್ದರೆ ಸೊಂಟ ಕೆಳಕ್ಕೆ ಜಗ್ಗುತ್ತದೆ, ನೀರು ಎದುರು ತಳ್ಳುತ್ತದೆ. ತಲೆ ಎತ್ತಿದಷ್ಟೂ ಕಾಲು ಇನ್ನೂ ಮುಳುಗುತ್ತದೆ. ಅದಕ್ಕೇ ಮುಖ ನೀರಿನಲ್ಲೇ ಇಟ್ಟು, ಎದೆಯನ್ನು ಸ್ವಲ್ಪ ನೀರಿನೊಳಕ್ಕೆ ಒತ್ತಿ, ಭುಜದಿಂದ ಉದ್ದಕ್ಕೆ ಎಳೆಯಬೇಕು. ಇಡೀ ಕೆಲಸ ತೋಳಿನದ್ದೇ. 37 ಸೆಕೆಂಡ್ ಅಂದರೆ, ಎರಡೂ ಕಾಲು ಗಟ್ಟಿ ಇರುವ ನನ್ನ ಎಷ್ಟೋ ಹುಡುಗರಿಗೆ ಅದು ಆಗುವುದಿಲ್ಲ.

ಮೈಸೂರಿನ ಅಪ್ಪ:
ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಮೂರೂ ಉತ್ತರ ಓದಿ ಹೇಳಿದೆ. ಕಾಲು ಯಾಕೆ ಜಗ್ಗುತ್ತದೆ ಅನ್ನುವುದನ್ನು ಎರಡು ಸಲ ಓದಿಸಿಕೊಂಡಳು. ಇವತ್ತು ಬೆಳಿಗ್ಗೆ ತಲೆ ಎತ್ತದೆ ಈಜಿದಳು, 1 ನಿಮಿಷ 21 ಸೆಕೆಂಡ್. ಕಳೆದ ವಾರಕ್ಕಿಂತ ನಾಲ್ಕು ಸೆಕೆಂಡ್ ಕಡಿಮೆ. ಮೈ ಒರೆಸುವ ಮೊದಲೇ ಮಾರ್ಕರ್ ಕೇಳಿ, ತನ್ನ ತೇಲುವ ಹಲಗೆಯ ಹಿಂದೆ 37.33 ಅಂತ ಬರೆದಳು. ಒದ್ದೆ ಕೈ, ಕೊನೆಯ ಮೂರು ಸ್ವಲ್ಪ ಕದಡಿದೆ.