ತಾಸೆಯ ಸದ್ದಿನಿಂದ ಸಿಂಥಸೈಜರ್‌ನ ಎನ್ವಲಪ್ ನಡೆಸುವುದು ಹೇಗೆ?

ಅಂಬಲಪಾಡಿಯ ಕಿವಿ: ವಿಟ್ಲಪಿಂಡಿಯ ದಿನ ಉಡುಪಿಯ ರಥಬೀದಿಯಲ್ಲಿ ಹುಲಿವೇಷದ ತಾಸೆ ಎಂಬ ಚರ್ಮವಾದ್ಯವನ್ನು ಧ್ವನಿಮುದ್ರಿಸಿಕೊಂಡಿದ್ದೇನೆ. ಕೋಡ್ ಬರೆದು ಸದ್ದು ಹುಟ್ಟಿಸುವ ಸೂಪರ್‌ಕೊಲೈಡರ್ ತಂತ್ರಾಂಶದಲ್ಲಿ ಆ ಸ್ಯಾಂಪಲ್, ಅಂದರೆ ಮುದ್ರಿತ ತುಣುಕು, ನುಡಿಯುತ್ತಿರುವಾಗ ಅದರ ಸದ್ದು ಏರಿದಂತೆ ಒಂದು ದೀರ್ಘ ಸ್ವರವೂ ಏರಬೇಕು, ಇಳಿದಂತೆ ಇಳಿಯಬೇಕು ಎಂಬುದು ನನ್ನ ಆಸೆ; ಸದ್ದಿನ ಈ ಏರಿಳಿತದ ಆಕಾರವೇ ಎನ್ವಲಪ್. ಸ್ಯಾಂಪಲನ್ನೇ ಸ್ವರಕ್ಕೆ ಗುಣಿಸಿ ನೋಡಿದೆ. ಕಿವಿಗೆ ಹಿತವಿಲ್ಲದ ಗೊರಗೊರ ಸದ್ದಷ್ಟೇ ಬಂತು. ತಪ್ಪಿದ್ದೆಲ್ಲಿ?

ಕದ್ರಿ ಗುಡ್ಡೆ: ಅಲೆ ಬೇರೆ, ಅಲೆಯ ಎತ್ತರ ಬೇರೆ. ಎರಡು ಅಲೆಗಳನ್ನು ಗುಣಿಸಿದರೆ ಅವುಗಳ ಆವರ್ತನಗಳ ಮೊತ್ತ ಮತ್ತು ವ್ಯತ್ಯಾಸಗಳು ಹುಟ್ಟುತ್ತವೆ; ಅದಕ್ಕೆ ರಿಂಗ್ ಮಾಡ್ಯುಲೇಷನ್ ಎನ್ನುತ್ತಾರೆ, ನೀವು ಕೇಳಿದ್ದು ಅದನ್ನೇ. ನಿಮಗೆ ಬೇಕಾದದ್ದು ಎನ್ವಲಪ್ ಫಾಲೋವರ್, ಅಂದರೆ ಅಲೆಯ ಋಣ ಭಾಗವನ್ನು ಮೇಲಕ್ಕೆ ಮಡಚಿ, ಸಿಕ್ಕಿದ್ದನ್ನು ನಯಗೊಳಿಸುವ ಕ್ರಮ. ಸೂಪರ್‌ಕೊಲೈಡರ್‌ನ ಆಂಪ್ಲಿಟ್ಯೂಡ್ ಎಂಬ ಯೂಜೆನ್ (ಸದ್ದಿನ ಸಂಕೇತವನ್ನು ಹುಟ್ಟಿಸುವ ಇಲ್ಲವೇ ಮಾರ್ಪಡಿಸುವ ಘಟಕ) ಇದನ್ನು ಮಾಡುತ್ತದೆ. ಅದರ ಏರಿಕೆ ಮತ್ತು ಇಳಿಕೆಯ ಕಾಲಗಳು ನೀವು ಹೇಳದಿದ್ದರೆ 0.01 ಸೆಕೆಂಡ್ ಇರುತ್ತವೆ. ಏರಿಕೆಯನ್ನು ಹಾಗೆಯೇ ಬಿಟ್ಟು, ಇಳಿಕೆಯನ್ನು 0.5ಕ್ಕೆ ಒಯ್ದು, ಬಂದ ಬೆಲೆಯಿಂದ, ಅಂದರೆ ಸದ್ದಿನ ಆ ಕ್ಷಣದ ಎತ್ತರವನ್ನು ಹೇಳುವ ಸಂಖ್ಯೆಯಿಂದ, ಸ್ವರವನ್ನು ಗುಣಿಸಿ.

ಮಣಿಪಾಲದ ವಿದ್ಯಾರ್ಥಿನಿ: ಇಳಿಕೆಯ ವಿಷಯದಲ್ಲಿ ನನ್ನ ಒಪ್ಪಿಗೆಯಿಲ್ಲ. ಆ ಯೂಜೆನ್‌ನಲ್ಲಿ ಇಳಿಕೆಯ ಕಾಲವೆಂದರೆ ಬೆಲೆ 20 ಡೆಸಿಬೆಲ್ ಇಳಿಯಲು ಹಿಡಿಯುವ ಹೊತ್ತು. ತಾಸೆಯ ಮೇಲೆ ಸೆಕೆಂಡಿಗೆ ಹತ್ತು ಪೆಟ್ಟು ಬಿದ್ದರೆ, ನಿಮ್ಮ ಲೆಕ್ಕದಲ್ಲಿ ಎರಡು ಪೆಟ್ಟುಗಳ ನಡುವೆ ಬೆಲೆ 4 ಡೆಸಿಬೆಲ್ ಮಾತ್ರ ಇಳಿಯುತ್ತದೆ. ಪೆಟ್ಟುಗಳು ಒಂದರೊಳಗೊಂದು ಕರಗಿ ಹುಲಿಯ ಹೆಜ್ಜೆಯೇ ಕಾಣೆಯಾಗುತ್ತದೆ. ಬೆಲೆ ಒಂದು ಮಿತಿ ದಾಟಿದಾಗಲೆಲ್ಲ ನಾವೇ ಬರೆದ ಎನ್ವಲಪನ್ನು ಹೊಸದಾಗಿ ಹೊರಡಿಸುವುದು ಮೇಲು.

ಕದ್ರಿ ಗುಡ್ಡೆ: ಹಾಗೆ ಮಾಡಿದರೆ ಮೆಲುಪೆಟ್ಟಿಗೂ ಬಿರುಪೆಟ್ಟಿಗೂ ಒಂದೇ ಎನ್ವಲಪ್ ಬರುತ್ತದೆ. ತಾಸೆಯವರು ಸದ್ದನ್ನು ಹಂತಹಂತವಾಗಿ ಏರಿಸುವ ಬೆಡಗಿಗೆ ಅದರಲ್ಲಿ ಜಾಗವೆಲ್ಲಿದೆ? ಮೇಲಾಗಿ ಬೆಲೆ ಮಿತಿಯ ಆಸುಪಾಸಿನಲ್ಲಿ ನಡುಗಿದರೆ ಒಂದೇ ಪೆಟ್ಟು ಎರಡೆರಡು ಬಾರಿ ಎಣಿಕೆಯಾಗುತ್ತದೆ.

ಮಣಿಪಾಲದ ವಿದ್ಯಾರ್ಥಿನಿ: ಎರಡನೆಯ ತೊಂದರೆಗೆ ಶ್ಮಿಟ್ ಯೂಜೆನ್ ಇದೆ: ಮೇಲಿನ ಮಿತಿ ದಾಟಿದಾಗ ತೆರೆಯುತ್ತದೆ, ಕೆಳಗಿನ ಮಿತಿಗಿಂತ ಇಳಿದ ಮೇಲಷ್ಟೇ ಮುಚ್ಚುತ್ತದೆ. ಮೊದಲನೆಯ ಆಕ್ಷೇಪ ನ್ಯಾಯವಾದದ್ದೇ. ಮಿತಿ ದಾಟಿದ ಕ್ಷಣದ ಬೆಲೆಯನ್ನು ಲ್ಯಾಚ್ ಎಂಬ ಯೂಜೆನ್‌ನಲ್ಲಿ ಹಿಡಿದಿಟ್ಟು, ಎನ್ವಲಪ್‌ನ ಎತ್ತರವಾಗಿ ಬಳಸಬಹುದು.

ಅಂಬಲಪಾಡಿಯ ಕಿವಿ: ಅದನ್ನೇ ಮಾಡಿದೆ. ಆದರೆ ಎಲ್ಲ ಪೆಟ್ಟುಗಳಿಗೂ ಹೆಚ್ಚುಕಡಿಮೆ ಒಂದೇ ಬೆಲೆ ಬರುತ್ತಿದೆ.

ಕದ್ರಿ ಗುಡ್ಡೆ: ಬರಲೇಬೇಕು, ಏಕೆಂದರೆ ಮಿತಿ ದಾಟುವ ಕ್ಷಣದಲ್ಲಿ ಬೆಲೆ ಮಿತಿಯಷ್ಟೇ ಇರುತ್ತದೆ, ಪೆಟ್ಟಿನ ಶಿಖರ ಇನ್ನೂ ಮುಂದಿದೆ. ಹಿಡಿಯುವ ಸಂಕೇತವನ್ನೂ ಎನ್ವಲಪ್ ಹೊರಡಿಸುವ ಸಂಕೇತವನ್ನೂ ಟಿಡಿಲೇ ಯೂಜೆನ್ ಬಳಸಿ 10 ಮಿಲಿಸೆಕೆಂಡ್ ತಡಮಾಡಿ. ಕೇಳುವ ತಾಸೆಯನ್ನೂ ಡಿಲೇಎನ್ ಯೂಜೆನ್ ಮೂಲಕ ಅಷ್ಟೇ ಹಿಂದಕ್ಕೆ ಸರಿಸಿದರೆ ಎರಡೂ ಕೂಡಿಯೇ ಕೇಳಿಸುತ್ತವೆ. ನೇರ ಕಛೇರಿಯಲ್ಲಿ ಈ ತಡ ನುಡಿಸುವವರನ್ನು ಕಾಡಬಹುದು, ಸ್ಯಾಂಪಲ್‌ಗೆ ಅದರ ಹಂಗಿಲ್ಲ.

ಅಂಬಲಪಾಡಿಯ ಕಿವಿ: ಈಗ ಪೆಟ್ಟಿನ ಬಲ ಸ್ವರದಲ್ಲಿ ಸ್ಪಷ್ಟವಾಗಿ ಕೇಳುತ್ತಿದೆ, ಇಬ್ಬರಿಗೂ ಕೃತಜ್ಞತೆಗಳು. ಜತೆಗಿದ್ದ ಡೋಲಿನ ಗುಡುಗು ಮಾತ್ರ ನಡುನಡುವೆ ಎನ್ವಲಪನ್ನು ಸುಮ್ಮನೆ ಎಬ್ಬಿಸುತ್ತಿದೆ.

ಮಣಿಪಾಲದ ವಿದ್ಯಾರ್ಥಿನಿ: ಅಳತೆಗೆ ಹೋಗುವ ಕವಲಿಗೆ ಮಾತ್ರ ಕೆಳ ಆವರ್ತನಗಳನ್ನು ತಡೆಯುವ ಹೈಪಾಸ್ ಫಿಲ್ಟರ್ ಹಾಕಿ, 1000 ಹರ್ಟ್ಸ್‌ನಿಂದ ಆರಂಭಿಸಿ ನೋಡಿ. ಕಿವಿಗೆ ಬರುವ ಕವಲನ್ನು ಮುಟ್ಟಬೇಡಿ. ಡೋಲಿಲ್ಲದ ಹುಲಿವೇಷವನ್ನು ಕೇಳುವ ಮನಸ್ಸು ಯಾರಿಗೂ ಇರಲಾರದು.